ಯಾವ ನೌಕೆ?

ರಜೆಗೆ ಜನ ಹೋಗುತ್ತಿದ್ದ ದ್ವೀಪದ ಮೇಲೆ ಸಮುದ್ರ ಉಕ್ಕಿದ ದಿನವೇ, ಬಾಹ್ಯಾಕಾಶದಲ್ಲಿ ಕೆಟ್ಟು ನಿಂತಿದ್ದ ಗಗನನೌಕೆ ಸರಿಹೋದ ಸುದ್ದಿಯೂ ಬಂತು. ಊರೆಲ್ಲ ಆ ಗಗನನೌಕೆಯ ಮಾತನ್ನೇ ಆಡುತ್ತಿತ್ತು.

ಹೊಲಿಗೆಯಂಗಡಿಯ ಹುಡುಗಿ ಪತ್ರಿಕಾ ಕಚೇರಿಗೆ ಫೋನ್ ಮಾಡಿದಳು.

"ನೌಕೆ ಏನಾಯ್ತು ಸಾರ್?"

"ಸುರಕ್ಷಿತ! ಒಳಗಿರೋರೆಲ್ಲ ಕ್ಷೇಮ."

ಅವಳು ಅಮ್ಮನನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ದ್ವೀಪಕ್ಕೆ ಹೋಗಿದ್ದ ಅಣ್ಣ, ವಿಹಾರದ ದೋಣಿಯನ್ನು ದೋಣಿ ಎನ್ನಲು ಬಿಡುತ್ತಲೇ ಇರಲಿಲ್ಲ. "ದೋಣಿ ಮೀನು ಹಿಡಿಯೋರಿಗೆ ಕಣೇ. ನಿಮ್ಮಣ್ಣ ಹತ್ತೋದು ನೌಕೆ!" ಎಂದು ಮೀಸೆ ತಿರುವಿ ಹೊರಟಿದ್ದ. ಅವನ ಮಾತೇ ಅವಳ ಬಾಯಿಗೆ ಬಂದಿತ್ತು.

ಸಂಜೆ ದ್ವೀಪದಿಂದ ಕರೆ ಬಂತು. ದೋಣಿ ಮುಳುಗಿತ್ತು. ಅಣ್ಣ ಉಳಿದಿರಲಿಲ್ಲ...

ಅವಳು ಮತ್ತೆ ಕಚೇರಿಗೆ ಫೋನ್ ಮಾಡಿ, ಅಂಗಡಿಯ ಹೆಸರು ಹೇಳಿಯೇ ಬೈದಳು. ಮರುದಿನ ಆ ಪತ್ರಕರ್ತ ಅಂಗಡಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ನಾನು ಹೇಳಿದ್ದು ಗಗನನೌಕೆ... ಬೆಳಗಿನಿಂದ ಎಲ್ಲರೂ ಅದನ್ನೇ ಕೇಳ್ತಿದ್ರು. ಯಾವ ನೌಕೆ ಅಂತ ನಾನು ಕೇಳಬೇಕಿತ್ತು."

"ಈಗೇನು, ನಮ್ಮಮ್ಮ ಅಳೋದನ್ನ ಅಚ್ಚು ಹಾಕಬೇಕಾ?"

ಅಣ್ಣನ ದೇಹ ಮನೆ ಸೇರುವವರೆಗೆ ದ್ವೀಪದ ಆಸ್ಪತ್ರೆಗಳಿಗೆಲ್ಲ ಅವನೇ ಫೋನ್ ಮಾಡಿದ. ಮಣ್ಣಾದ ಮೇಲೂ ಬರುತ್ತಲೇ ಇದ್ದ.

ಸುದ್ದಿಗಾಗಿಯೇ ಬರುತ್ತಾನೆಂಬ ಅವಳ ಅನುಮಾನ ಮಾತ್ರ ಸಾಯಲಿಲ್ಲ. ದಿನವೂ ಪತ್ರಿಕೆಯ ಮೂಲೆಮೂಲೆ ಹುಡುಕುತ್ತಿದ್ದಳು. ಅಣ್ಣನ ಹೆಸರೇ ಇಲ್ಲ! 'ಕೂಡಿಹಾಕ್ತಿದ್ದಾನೆ... ಒಂದೇ ಸಲ ದೊಡ್ಡದಾಗಿ ಬರೆಯೋಕೆ!'

ಒಂದು ಮಧ್ಯಾಹ್ನ ಒಳಕೋಣೆಯಲ್ಲಿ ಅಮ್ಮನ ಪಿಸುಮಾತು ಕೇಳಿಸಿತು. ನಡುವೆ ಅವನ "ಆಮೇಲೆ?"

ಅವಳು ನುಗ್ಗಿದಳು. "ರೆಕಾರ್ಡರ್ ಎಲ್ಲಿಟ್ಟಿದ್ದೀರಿ? ಜೇಬು ತೋರಿಸಿ!"

ಅವನು ಜೇಬು ಬರಿದು ಮಾಡಿದ. ಅಮ್ಮನ ಕೆಮ್ಮಿನ ಮಾತ್ರೆ. ಒಂದು ಕರವಸ್ತ್ರ. ನೀಲಿ ದಾರ ಸುತ್ತಿದ ಬಾಬಿನ್.

"ಇದು ನನ್ನ ಮಿಷನ್ನಿಂದು!"

"ಅಂಗಡೀಲಿ ಬಿದ್ದಿತ್ತು. ಕೊಡೋಣ ಅಂತಲೇ ದಿನಾ ಬರ್ತೀನಿ... ಕೊಟ್ಟುಬಿಟ್ರೆ ಬರೋಕೆ ನೆಪ ಇರಲ್ವಲ್ಲ ಅಂತ ವಾಪಸ್ ತಗೊಂಡು ಹೋಗ್ತೀನಿ."

ಅವಳ ಕೆನ್ನೆ ಬಿಸಿಯಾಯಿತು.

"ಸುಮ್ನಿರೇ," ಅಮ್ಮ ಗದರಿದಳು. "ಬಂದೋರೆಲ್ಲ ಹೇಗೆ ಸತ್ತ ಅಂತಾನೇ ಕೇಳಿದ್ರು. ಚಿಕ್ಕವನಿದ್ದಾಗ ಹೇಗಿದ್ದ ಅಂತ ಕೇಳಿದ್ದು ಇವನೊಬ್ಬನೇ."

ಅಣ್ಣ ಹೋದ ಮೇಲೆ ಅಮ್ಮ ಹೀಗೆ ಗದರಿದ್ದು ಇದೇ ಮೊದಲು. ಅವನು ಬಾಬಿನ್ ಚಾಚಿದ. ಅವಳು ಅವನ ಬೆರಳುಗಳನ್ನೇ ಮಡಚಿ ಮುಚ್ಚಿದಳು.

"ನಾಳೆ ತಂದುಕೊಡಿ."

"ನಾಳೆ ಮರೆತರೆ?"

"ನಾಡಿದ್ದು... ಮರೆಯೋದಂತೂ ಗ್ಯಾರಂಟಿ, ನೀವು!"

ಅಮ್ಮ ಇಬ್ಬರನ್ನೂ ಅಣ್ಣನ ಭಾವಚಿತ್ರದ ಮುಂದೆ ಕೂರಿಸಿಕೊಂಡಳು. ಮೂವರೂ ಕೈಮುಗಿದರು.

"ದೇವರೇ, ನೀರಿನಲ್ಲಿ ಹೋದ ನನ್ನ ಮಗನನ್ನು ನಿನ್ನ ಮಡಿಲಲ್ಲಿ ಮಲಗಿಸಿಕೊ. ಅವನ ಜೀವಕ್ಕೆ ಶಾಂತಿ ಕೊಡು."