ಎರೆಮಣ್ಣಿನ ಹೊಸ್ತಿಲು

ಗಾಲಿಕುರ್ಚಿ ಬಾಗಿಲು ದಾಟಿ ಹೊರಗೆ ಬಂತು. ಅಂಗಳದಲ್ಲಿ ಒಂದು ಸುತ್ತು ಹಾಕಿ ಮತ್ತೆ ಒಳಗೆ ಹೋಯಿತು. ನೆಲ ಅದರ ಭಾರವನ್ನು ಗುರುತಿಸಿತು. ಹೊಸ್ತಿಲು ಏಳಲಿಲ್ಲ, ನೆಲದ ಮಟ್ಟದಲ್ಲೇ ಉಳಿಯಿತು.

ಕುರ್ಚಿಯಲ್ಲಿ ಈರಣ್ಣ ಇರಲಿಲ್ಲ. ಒಂದು ಚೀಲ ಜೋಳ ಇತ್ತು. ದೂಡುತ್ತಿದ್ದವಳು ಅವನ ಹೆಂಡತಿ ಕಸ್ತೂರಿ. ಈರಣ್ಣ ಶ್ರಾವಣದಲ್ಲಿ ತೀರಿಕೊಂಡಿದ್ದ. ಈಗ ದಸರಾ ಮುಗಿದಿತ್ತು.

ಹುಬ್ಬಳ್ಳಿಯ ಅಂಚಿನಲ್ಲಿದ್ದ ಆ ಬಡಾವಣೆಯ ಮನೆಗಳೆಲ್ಲ ಎರೆಮಣ್ಣಿನವು. ಎರೆಮಣ್ಣು ಮನೆ ಕಟ್ಟುವವರ ಹಳೆಯ ವೈರಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಗೋಡೆ ಸೀಳುತ್ತದೆ. ಅಶ್ಫಾಕ್ ಮುಲ್ಲಾ ಎಂಬ ಮಣ್ಣಿನ ವಿಜ್ಞಾನಿ ಆ ದೋಷವನ್ನೇ ಕೆಲಸಕ್ಕೆ ಹಚ್ಚಿದ. ಮಣ್ಣನ್ನು ತೆಳುವಾದ ಹಾಳೆಗಳ ನಡುವೆ ತುಂಬಿ, ಒಳಗೆ ಕೂದಲಿನಷ್ಟು ಸಣ್ಣ ತಂತಿ ಹಾಯಿಸಿದ. ತಂತಿಯಲ್ಲಿ ಅತಿ ಕಡಿಮೆ ವಿದ್ಯುತ್ತು ಹರಿದಾಗ ಮಣ್ಣಿನೊಳಗಿನ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ. ನೀರು ಸೇರಿದಲ್ಲಿ ಉಬ್ಬು, ಬಿಟ್ಟಲ್ಲಿ ತಗ್ಗು. ಅದೇ ತಂತಿಗಳು ಭಾರವನ್ನೂ ಅಳೆಯುತ್ತವೆ. ಹೀಗೆ ಮನೆ ತನ್ನೊಳಗೆ ಇರುವವರ ಮೈಯನ್ನು ಕಲಿತು, ನಿಧಾನವಾಗಿ ಅದಕ್ಕೆ ಒಗ್ಗುತ್ತದೆ. ಅಡಿಗೆಕಟ್ಟೆ ತಗ್ಗುತ್ತದೆ. ಕೈ ಊರುವಲ್ಲಿ ಗೋಡೆ ಹಿಡಿಕೆಯಾಗುತ್ತದೆ. ಪಾಯ ತೋಡಿದಲ್ಲೇ ಮಣ್ಣು ಸಿಗುವುದರಿಂದ ಖರ್ಚು ಕಡಿಮೆ. ಗುಡಿಸಲುಗಳಲ್ಲಿದ್ದ ಸಾವಿರಾರು ಜನರಿಗೆ ನಗರ ಮನೆ ಕೊಟ್ಟದ್ದು ಈ ಮಣ್ಣಿನಿಂದ.

ನೆಲಮಟ್ಟದ ಮನೆಗಳು ಮಾತ್ರ ಕಡಿಮೆ ಇದ್ದವು. ಅವು ನಡೆಯಲಾರದವರಿಗೆ ಮೀಸಲು. ಹೊಸ್ತಿಲಿಲ್ಲದೆ ಕಟ್ಟಿದಾಗ ಹೆಂಗಸರು ಒಪ್ಪಲಿಲ್ಲ. ಅರಿಸಿನ ಕುಂಕುಮ ಎಲ್ಲಿ ಹಚ್ಚುವುದು ಎಂದು ಕೇಳಿದರು. ಮುಲ್ಲಾ ಅವರ ಮಾತಿಗೆ ಮಣಿದು ಹೊಸ್ತಿಲನ್ನೂ ಎರೆಮಣ್ಣಿನಲ್ಲೇ ಮಾಡಿದ. ಗಾಲಿಕುರ್ಚಿ ಓಡಾಡುವವರೆಗೆ ಅದು ಹುದುಗಿರುತ್ತದೆ. ಕೆಲವು ದಿನ ಕುರ್ಚಿ ಹಾಯದಿದ್ದರೆ ತಾನಾಗಿ ಏಳುತ್ತದೆ. ಹೊಸ್ತಿಲು ಎದ್ದರೆ ವಸತಿ ಕಚೇರಿಗೆ ತಿಳಿಯುತ್ತದೆ. ಹಿಂದೆ ಸತ್ತವರ ಹೆಸರಿನಲ್ಲಿ ಮನೆಗಳು ಉಳಿದುಕೊಂಡಿದ್ದರಿಂದ, ಕಾಗದಕ್ಕಿಂತ ಮನೆಯನ್ನೇ ನಂಬುವುದೆಂದು ನಗರ ತೀರ್ಮಾನಿಸಿತ್ತು. ಕಚೇರಿಯವರು ಬಂದು ತಂತಿಗೆ ಜೋರಾಗಿ ವಿದ್ಯುತ್ತು ಹಾಯಿಸುತ್ತಾರೆ. ಮನೆ ಕಲಿತದ್ದೆಲ್ಲ ಅಳಿದು ಸಪಾಟಾಗುತ್ತದೆ. ಆಮೇಲೆ ಮುಂದಿನವರಿಗೆ ಕೊಡುತ್ತಾರೆ.

ಕಸ್ತೂರಿಗೆ ಇದು ಗೊತ್ತಿತ್ತು. ಅದಕ್ಕೇ ಚೀಲ.

ಅಕ್ಕಪಕ್ಕದವರು ನೋಡಿದರು, ಯಾರೂ ಎಲ್ಲೂ ಹೇಳಲಿಲ್ಲ. ಎದುರುಮನೆಯ ಸಾವಂತ್ರೆವ್ವ ಒಮ್ಮೆ ಮಾತ್ರ, ಬಿಸಿಲು ಏರುವುದರೊಳಗೆ ತಿರುಗಾಡಿಸಿಕೊಂಡು ಬಾ ಎಂದು ಹೇಳಿ ಒಳಗೆ ಹೋದಳು. ಕುರ್ಚಿಯಲ್ಲಿ ಮನುಷ್ಯನೇ ಇದ್ದ ಹಾಗೆ.

ಆ ಚೀಲವನ್ನು ಕಸ್ತೂರಿಯ ಅಣ್ಣ ನವಲಗುಂದದಿಂದ ತಂದಿದ್ದ. ಮನೆಯಲ್ಲಿದ್ದ ಜೋಳ ಅದೊಂದೇ. ಹಸಿವಾದಾಗ ಅವಳು ಅದರಿಂದಲೇ ತೆಗೆದು ಬೀಸಿಸಿಕೊಂಡು ಬಂದು ರೊಟ್ಟಿ ಬಡಿಯುತ್ತಿದ್ದಳು. ಚೀಲ ಇಳಿಯುತ್ತಿದೆ ಎಂಬುದು ಅವಳ ತಲೆಗೆ ಬಂದಿರಲಿಲ್ಲ. ಆ ದಿನಗಳಲ್ಲಿ ಯಾವುದೂ ಬರುತ್ತಿರಲಿಲ್ಲ.

ಮನೆಯ ಗಮನಕ್ಕೆ ಬಂತು. ಈರಣ್ಣ ಎಂಬ ನಿವಾಸಿ ದಿನೇ ದಿನೇ ಹಗುರಾಗುತ್ತಿದ್ದಾನೆ, ಕ್ಷೀಣಿಸುವ ರೋಗವಿರಬಹುದು ಎಂದು ಅದು ಸೂಚನೆ ಕಳಿಸಿತು. ಮುಲ್ಲಾ ಅದನ್ನು ನೋಡಿ ತಾನೇ ಹೊರಟ. ಅವನಿಗೆ ಈರಣ್ಣನ ಪರಿಚಯವಿತ್ತು. ವಿದ್ಯುತ್ ಕಂಬದಿಂದ ಬಿದ್ದು ಸೊಂಟ ಮುರಿದುಕೊಂಡ ಲೈನ್‌ಮನ್. ತಂತಿಗಳ ಬಗ್ಗೆ ಅವನಷ್ಟು ಪ್ರಶ್ನೆ ಕೇಳಿದವರು ಬೇರೆ ಇರಲಿಲ್ಲ.

ಸಾವಂತ್ರೆವ್ವ ಮುಲ್ಲಾನನ್ನು ಓಣಿಯಲ್ಲೇ ತಡೆದಳು. ಚಹಾ ಕುಡಿದು ಹೋಗಬೇಕೆಂದಳು. ಅವನು ಒಲ್ಲೆನೆಂದಾಗ ದಾರಿಗೆ ಅಡ್ಡ ನಿಂತು ಮಾತು ಬೆಳೆಸಿದಳು.

"ಭಾಳ ಶಾಣೇ ಮನಿ ಕಟ್ಟೀರಿ ಬಿಡ್ರಿ, ಸಾಹೇಬ್ರ. ಗ್ವಾಡಿ ಸೈತ ಹೇಳಿದ್ದು ಕಲೀತೈತಿ. ನನ್ನ ಸೊಸಿ ಒಬ್ಬಾಕಿ ಕಲಿಯಂಗಿಲ್ಲ."

ಮುಲ್ಲಾ ನಕ್ಕು ಅವಳನ್ನು ದಾಟಿ ಹೋದ.

ಕಸ್ತೂರಿ ಬಾಗಿಲು ತೆರೆದಳು. ಈರಣ್ಣನಿಗೆ ಹುಷಾರಿಲ್ಲವೇನೋ, ಡಾಕ್ಟರಿಗೆ ಹೇಳಿ ಇಟ್ಟಿದ್ದೇನೆ ಎಂದು ಅವನು ಹೇಳುತ್ತಲೇ ಒಳಗೆ ಬಂದ. ಆಮೇಲೆ ಕುರ್ಚಿ ಕಂಡಿತು. ಈರಣ್ಣನನ್ನು ಕುರ್ಚಿಗೆ ಬಿಗಿಯುತ್ತಿದ್ದ ಹಳೆಯ ಪಟ್ಟಿ ಈಗ ಚೀಲಕ್ಕೆ ಬಿಗಿದಿತ್ತು, ಬೀಳದ ಹಾಗೆ.

ಅವನು ನೆಲದ ಮೇಲೆ ಕೂತ.

"ಯಾವಾಗವ್ವಾ?"

"ಶ್ರಾವಣದಾಗ್ರಿ."

"ಮತ್ತ ತೂಕ ಹೆಂಗ ಇಳೀತು?"

"ರೊಟ್ಟಿ ಮಾಡ್ಕೊಂಡು ತಿಂದೆ," ಎಂದಳು ಕಸ್ತೂರಿ.

ಅವಳು ಅವನನ್ನು ಮಂಚದ ಹತ್ತಿರ ಕರೆದೊಯ್ದಳು. ಗೋಡೆಯಲ್ಲಿ ಅಂಗೈಯಷ್ಟು ತಗ್ಗು ಇತ್ತು. ಮಗ್ಗುಲು ಬದಲಿಸುವಾಗ ಈರಣ್ಣ ಅಲ್ಲಿ ಕೈ ಊರುತ್ತಿದ್ದ. ಬೆರಳುಗಳ ಗುರುತು ಬೇರೆಬೇರೆಯಾಗಿ ಕಾಣುತ್ತಿತ್ತು. ಹೆಬ್ಬೆರಳಿನದು ಆಳ. ತನಗೆ ಮನೆ ಬೇಕಾಗಿಲ್ಲ, ಇದು ಬೇಕು ಎಂದಳು. ಇಷ್ಟನ್ನು ಮಾತ್ರ ಕತ್ತರಿಸಿ ಕೊಡಲು ಬರುತ್ತದೆಯೇ ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಮುಲ್ಲಾ ಹೇಳಲಿಲ್ಲ. ತಂತಿಯಿಂದ ಬೇರೆಯಾದ ಮಣ್ಣು ನೀರನ್ನು ಹಿಡಿದಿಡಲಾರದು, ಬಿರಿದು ಪುಡಿಯಾಗುತ್ತದೆ ಎಂದು ವಿವರಿಸಿದ. ಬೇಕಾದರೆ ತಾನು ಬಂದೇ ಇಲ್ಲ ಎಂದುಕೊಳ್ಳುತ್ತೇನೆ ಎಂದೂ ಹೇಳಿದ. ಆದರೆ ಎದ್ದು ಹೋಗಲಿಲ್ಲ. ಅವನು ಹೇಳದೆ ಉಳಿಸಿಕೊಂಡದ್ದು ಏನೋ ಇದೆ ಎಂದು ಅವಳಿಗೆ ತಿಳಿಯಿತು.

"ನಮ್ಮ ಆದಮ್ಯಾಲೆ ಈ ಮನಿ ಪಾಳಿ ಯಾರದರಿ?"

ಮಾರುತಿ ಪಿಸೆ ಎಂಬ ದರ್ಜಿ ಎಂದ ಮುಲ್ಲಾ. ಎರಡೂ ಕಾಲು ಹೋಗಿವೆ. ಹಳೆಯ ವಸತಿ ಕಟ್ಟಡವೊಂದರಲ್ಲಿ ಇದ್ದಾನೆ, ಮೂರನೆಯ ಅಂತಸ್ತು. ತಮ್ಮಂದಿರು ಇಳಿಸಿ ಹತ್ತಿಸುತ್ತಾರೆ.

"ಕುರ್ಚ್ಯಾಗೋ, ಬೆನ್ನ ಮ್ಯಾಲೋ?"

"ಬೆನ್ನ ಮ್ಯಾಲೆ."

ಈ ಮನೆ ಸಿಗುವ ಮೊದಲು ಕಸ್ತೂರಿ ಈರಣ್ಣನನ್ನು ಬೆನ್ನ ಮೇಲೆ ಹೊತ್ತೇ ಮೆಟ್ಟಿಲು ಇಳಿಯುತ್ತಿದ್ದಳು. ಹೊರುವುದು ಕಷ್ಟವಾಗಿರಲಿಲ್ಲ. ಪ್ರತಿ ತಿರುವಿನಲ್ಲೂ ಅವನು ಅವಳ ಕುತ್ತಿಗೆಯ ಹತ್ತಿರ, ತಪ್ಪಾತು, ತಪ್ಪಾತು ಎನ್ನುತ್ತಿದ್ದ. ಕೊನೆಕೊನೆಗೆ ಹೊರಗೆ ಹೋಗುವುದೇ ಬೇಡ ಎನ್ನತೊಡಗಿದ. ಎರಡು ವರ್ಷ ಅವನು ಬೀದಿ ನೋಡಿರಲಿಲ್ಲ.

ಅವಳು ಪಟ್ಟಿ ಬಿಚ್ಚಿದಳು. ಮುಲ್ಲಾ ಚೀಲಕ್ಕೆ ಕೈ ಹಾಕಲು ಎದ್ದ.

"ಬ್ಯಾಡ್ರಿ," ಎಂದಳು. "ನಾ ಇಳಸ್ತೀನಿ."

ಹೊಸ್ತಿಲು ಏಳಲು ಕೆಲವು ದಿನ ಹಿಡಿಯಿತು. ಮೊದಲು ನೆಲದಲ್ಲಿ ಒಂದು ಗೆರೆ, ಆಮೇಲೆ ಬೆರಳಿನಷ್ಟು ಏರು. ಮದುವೆಯಾಗಿ ಬಂದಾಗಿನಿಂದ ಅವಳಿಗೆ ತನ್ನದೆಂಬ ಹೊಸ್ತಿಲಿರಲಿಲ್ಲ. ಅದಿಲ್ಲದ ಮನೆಯಲ್ಲಿ ಲಕ್ಷ್ಮಿ ಎಲ್ಲಿ ನಿಲ್ಲಬೇಕು ಎಂದು ಅತ್ತೆ ಬದುಕಿರುವವರೆಗೂ ಚುಚ್ಚುತ್ತಿದ್ದಳು. ಈಗ ಎದ್ದಿತ್ತು. ಗಂಡ ಸತ್ತವಳು ಅದಕ್ಕೆ ಅರಿಸಿನ ಹಚ್ಚಬಾರದೆಂದು ಹೇಳುವವರು ಓಣಿಯಲ್ಲಿ ಆಗಲೂ ಇದ್ದರು. ಸಾವಂತ್ರೆವ್ವ ತಾನೇ ಬಟ್ಟಲಲ್ಲಿ ಅರಿಸಿನ ಕಲಸಿಕೊಂಡು ತಂದಳು.

"ಹಚ್ಚ ಬೇ. ಯಾರ ಏನಂತಾರ ನಾ ನೋಡ್ತೀನಿ."

ಕಸ್ತೂರಿ ಬಟ್ಟಲು ತೆಗೆದುಕೊಂಡಳು. ಹಚ್ಚಲಿಲ್ಲ. ಬಟ್ಟಲನ್ನು ತೊಳೆದು ವಾಪಸು ಕೊಟ್ಟಳು.

ಸತ್ತವನ ಕುರ್ಚಿ ಅಷ್ಟು ದಿನ ಓಡಾಡಿದ್ದು ಕಚೇರಿಗೆ ತಿಳಿಯಿತು. ಇನ್ನು ಮನೆ ಹೀಗೆ ಮೋಸಹೋಗದಂತೆ ಮಾಡಬೇಕೆಂದು ಅದು ಮುಲ್ಲಾನಿಗೆ ಬರೆಯಿತು. ಅದು ಸುಲಭದ ಕೆಲಸ. ಉಸಿರಾಟದಿಂದ ಮೈಯ ಭಾರ ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ತೂಗಾಡುತ್ತದೆ. ಧಾನ್ಯದ ಭಾರ ತೂಗಾಡುವುದಿಲ್ಲ. ಅವನು ಅದನ್ನು ನೆಲಕ್ಕೆ ಕಲಿಸಿಕೊಟ್ಟ. ಜೊತೆಗೆ, ಸಾವಾದ ಮನೆಯನ್ನು ಒಂದು ವರ್ಷ ಹಾಗೇ ಬಿಡಬೇಕೆಂದು ಸಭೆಯಲ್ಲಿ ಕೇಳಿದ. ಆ ವರ್ಷ ಪಿಸೆಯವರು ಎಲ್ಲಿರಬೇಕು ಎಂದು ಒಬ್ಬ ಸದಸ್ಯೆ ಕೇಳಿದಳು. ಅವಳದೇನೂ ಕಟುಕತನವಲ್ಲ. ಮುಲ್ಲಾ ಕೂತುಕೊಂಡ.

ಮನೆ ಸಪಾಟು ಮಾಡುವ ದಿನ ಕಸ್ತೂರಿ ಅಲ್ಲಿರಲಿಲ್ಲ. ಪಿಸೆ ಬಿಟ್ಟ ಮನೆಯನ್ನೇ ಅವಳಿಗೆ ಕೊಟ್ಟಿದ್ದರು. ಬಟ್ಟೆಯ ಗಂಟು ಹಿಡಿದು ಅವಳು ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತಿದಳು. ಮೆಟ್ಟಿಲು ಇಕ್ಕಟ್ಟು. ತಿರುವುಗಳಲ್ಲಿ ಗೋಡೆಯ ಮೇಲೆ, ಭುಜದ ಎತ್ತರಕ್ಕೆ, ಎಣ್ಣೆ ಹಿಡಿದ ಹಾಗೆ ಕಪ್ಪಾದ ಒಂದು ಪಟ್ಟೆ ಇತ್ತು. ಹೊತ್ತವರು ದಣಿದು ಒರಗಿದ ಜಾಗ. ಅದು ಬರೀ ಸಿಮೆಂಟು, ಒಳಗೆ ತಂತಿಯಿರಲಿಲ್ಲ. ಮುಟ್ಟಿ ನೋಡಿದಳು. ಅಲ್ಲಿ ಅಷ್ಟೂ ಗಿಲಾವು ಸವೆದು ನುಣುಪಾಗಿತ್ತು.

ಇದೆಲ್ಲ ಮುಂದೆಂದೋ ನಡೆಯುವುದು, ಕಸ್ತೂರಿ ಇನ್ನೂ ಹುಟ್ಟಿಲ್ಲ. ಆದರೆ ಅವಳು ಹತ್ತಲಿರುವ ಆ ಕಟ್ಟಡ ಈಗಲೇ ಏಳುತ್ತಿದೆ. ಮೂರನೆಯ ಅಂತಸ್ತಿನ ಸ್ಲ್ಯಾಬ್ ಈ ತಿಂಗಳು ಹಾಕಿದರು. ಮೆಟ್ಟಿಲಿನ ಪಕ್ಕದಲ್ಲಿ ಲಿಫ್ಟಿಗೆಂದು ಜಾಗ ಬಿಟ್ಟಿಲ್ಲ.