ಮೂರನೇ ಸಾಲಿನ ಮೇಷ್ಟ್ರು

"ಟೀಚರ್, ಇದು ಕ್ಲಾಸೋ, ಸಂತೆಯೋ?"

ಪಕ್ಕದ ಕೋಣೆಯ ಗಣಿತ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಒಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ದೊಡ್ಡ ಹೃದಯ. ಮಕ್ಕಳು ನೀಲಿ ಚೀಟಿ ಹಿಡಿದು ಒಂದು ಕಡೆಯಿಂದ ಒಳಹೊಕ್ಕು, ಶ್ವಾಸಕೋಶವೆಂಬ ಬೆಂಚು ಸುತ್ತಿ, ಕೆಂಪು ಚೀಟಿಯೊಂದಿಗೆ ಇನ್ನೊಂದು ಕಡೆಗೆ ಓಡುತ್ತಿದ್ದರು.

"ರಕ್ತ ಓಡ್ತಿದೆ ಸರ್," ಎಂದಳು ಜೀವಶಾಸ್ತ್ರದ ಟೀಚರ್. "ಮೊದಲ ಸಾಲು ನೋಡಿ ಕಲಿಯೋರು, ಎರಡನೇದು ಕೇಳಿ ಕಲಿಯೋರು, ಮೂರನೇದು ಮಾಡಿ ಕಲಿಯೋರು. ಈಗ ಓಡ್ತಿರೋದು ಮೂರನೇ ಸಾಲು."

ಅವರು ನಕ್ಕರು. ಆ ನಗು ಅವಳಿಗೆ ಹಿಡಿಸಿತು... ಅದೇ ತೊಂದರೆ!

ಮರುದಿನ ಅವರು ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ನಿಂತು ಅವಳ ತರಗತಿಯತ್ತ ಕೈ ತೋರಿಸುತ್ತಿದ್ದುದನ್ನು ಅವಳು ಕಂಡಳು. ಸಂಜೆ ಮುಖ್ಯೋಪಾಧ್ಯಾಯಿನಿ ಕರೆದರು. "ಈ ಓಡಾಟ ಸ್ವಲ್ಪ ದಿನ ನಿಲ್ಲಿಸಮ್ಮ."

ಚಾಡಿ ಹೇಳಿದ್ರಾ? ಎದುರಿಗೆ ನಕ್ಕು, ಬೆನ್ನ ಹಿಂದೆ ಹೀಗಾ?

ಕೇಳಿದ್ದರೆ ಎರಡು ನಿಮಿಷದ ಮಾತು. ಅವಳು ಕೇಳಲಿಲ್ಲ, ವರ್ಗಾವಣೆಗೆ ಅರ್ಜಿ ಬರೆದಳು. ಕೋಪಕ್ಕಿಂತ ದುಃಖವೇ ಹೆಚ್ಚಿತ್ತು, ಒಪ್ಪಿಕೊಳ್ಳಲಿಲ್ಲ ಅಷ್ಟೇ.

"ಮೂಗಿನ ತುದೀಲೇ ಕೋಪ ನಿನಗೆ," ಎಂದಳು ಮನೆಯಲ್ಲಿ ಅವಳ ಅಕ್ಕ.

ಸೋಮವಾರ ಅರ್ಜಿ ಕೊಡಲು ಬೇಗ ಬಂದಳು. ಶಾಲೆಯ ಅಂಗಳದಲ್ಲಿ ಗಣಿತ ಮೇಷ್ಟ್ರು ಮಂಡಿಯೂರಿದ್ದರು. ಸಿಮೆಂಟಿನ ನೆಲದ ಮೇಲೆ, ನಲವತ್ತು ಮಕ್ಕಳು ಓಡುವಷ್ಟು ದೊಡ್ಡ ಹೃದಯ! ಅಳತೆ ಹಿಡಿದು ಬರೆದು, ಬಣ್ಣ ಬಳಿದಿದ್ದರು.

"ಅವತ್ತು ನೀವು ಮೇಡಂ ಹತ್ರ ಹೋಗಿದ್ದು..."

"ಈ ಜಾಗ ಕೇಳೋಕೆ. ಒಳಗೆ ಮಕ್ಕಳು ಬೆಂಚಿಗೆ ಎಡವಿ ಬೀಳ್ತಿದ್ರಲ್ಲ. ಇದು ಮುಗಿಯೋವರೆಗೆ ಒಳಗಿನ ಓಡಾಟ ಬೇಡ ಅಂದ್ರು ಮೇಡಂ."

ಅವಳ ಕಣ್ಣು ತುಂಬಿತು. ನಾಚಿಕೆಯೂ ಆಯಿತು. ಆದರೂ ಟೀಚರ್ ಟೀಚರೇ.

"ಕೆಂಪು, ನೀಲಿ ಅದಲುಬದಲಾಗಿದೆ ಸರ್."

"ಎಡಗಡೆ ಕೆಂಪು ಅಂತ ನೀವೇ ಹೇಳ್ತೀರಿ. ಗೋಡೆ ಆಚೆಯಿಂದ ದಿನಾ ಕೇಳಿದ್ದೀನಿ!"

"ಚಿತ್ರದಲ್ಲಿ ಹೃದಯ ನಮ್ಮ ಎದುರಿಗೆ ನಿಂತಿರುತ್ತೆ. ಎದುರಿಗಿರೋರ ಎಡ ನಮಗೆ ಬಲ."

ಮೇಷ್ಟ್ರು ತಲೆ ಕೆರೆದುಕೊಂಡರು. ಕೂದಲಿಗೂ ಬಣ್ಣ ಹತ್ತಿತು.

"ಈ ಜಾಗದ ವಿಷಯ ನನಗೆ ಮೊದಲೇ ಒಂದು ಮಾತು ಹೇಳಬಾರದಿತ್ತಾ ಸರ್?"

"ನಾನು ಮೂರನೇ ಸಾಲು ಟೀಚರ್. ನೀವು ಇಷ್ಟ ಅಂತ ಹೇಳೋಕೆ ಹೋದ್ರೆ ನಾಲಿಗೆ ತೊಡರುತ್ತೆ... ಅದಕ್ಕೇ ಮಾಡಿದೆ."

ಅವಳು ಅರ್ಜಿಯನ್ನು ನಾಲ್ಕಾಗಿ ಹರಿದಳು.

"ನಾನು ಎರಡನೇ ಸಾಲು ಸರ್. ಕೇಳಿದ್ರೇನೇ ಅರ್ಥ ಆಗೋದು. ಇನ್ನೊಂದ್ಸಲ ಹೇಳಿ."

ಅವರು ಹೇಳಿದರು, ತೊಡರುತ್ತಲೇ.

ಅವಳು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕುಳಿತಳು.

"ನೀಲಿ ಡಬ್ಬಿ ಇತ್ತ ಕೊಡಿ. ಬೆಲ್ ಹೊಡೆಯೋದ್ರೊಳಗೆ ಇಬ್ಬರೂ ಸೇರಿ ಸರಿಮಾಡೋಣ."