ಅವನ ಮಾತಿನ ಉಳಿದರ್ಧ

"ಮೇಡಂ, ಈ ಹೆಡ್‌ಫೋನಿನ ಎ... ಎಡಗಡೆ..."

"ಕೇಳಿಸಲ್ಲ ತಾನೇ? ಬೇರೆ ಕೊಡಿ."

ಊಹೆ ಸರಿಯಾಗಿಯೇ ಇತ್ತು. ಅವನು ಮಾತ್ರ ಬಾಯಿಗೆ ಬಂದದ್ದನ್ನು ನುಂಗಿಕೊಂಡು ನಿಂತ. ಮೊದಲ ದಿನವೇ ಅವನ ಮಾತನ್ನು ಅವಳು ಮುಗಿಸಿಬಿಟ್ಟಿದ್ದಳು!

ಪೂರ್ತಿ ತಪ್ಪು ಅವಳದ್ದೂ ಅಲ್ಲ ಬಿಡಿ. ಅವಳು ದೊಡ್ಡ ಸಭಾಂಗಣದ ದುಭಾಷಿ. ಗಾಜಿನ ಕೋಣೆಯಲ್ಲಿ ಕೂತು, ಭಾಷಣ ನಡೆಯುತ್ತಿರುವಾಗಲೇ ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳಬೇಕು. ಮಾತಾಡುವವರು ಯಾರು, ಈಗಷ್ಟೇ ಏನು ಹೇಳಿದರು, ಹುಬ್ಬು ಗಂಟಿಕ್ಕಿದೆಯೋ ಇಲ್ಲವೋ... ಇಷ್ಟು ಸಿಕ್ಕರೆ ಸಾಕು, ಉಳಿದರ್ಧ ವಾಕ್ಯ ಅವಳ ನಾಲಿಗೆಯ ತುದಿಯಲ್ಲಿ ಸಿದ್ಧ. ಪೂರ್ತಿ ಕೇಳಿ ಆಮೇಲೆ ಹೇಳೋಣ ಎಂದು ಕೂತರೆ ಕೆಲಸ ಕೆಟ್ಟಂತೆಯೇ.

ಅಮ್ಮ ಬೈಯುತ್ತಿದ್ದರು. "ಮನೇಲಾದ್ರೂ ನನ್ನ ಮಾತು ನಾನೇ ಮುಗಿಸ್ತೀನಿ, ಬಿಡೇ."

ಅವನು ಅಲ್ಲಿನ ಮೈಕು, ತಂತಿ ನೋಡಿಕೊಳ್ಳುವವನು. ಮಾತು ತಡವರಿಸುತ್ತಿತ್ತು, ಅದಕ್ಕೇ ಎಲ್ಲರೂ ತಮಾಷೆಗೆ 'ಸೌಂಡ್ ಸಾಹೇಬ್ರು' ಎನ್ನುತ್ತಿದ್ದರು. ಅವಳ ಕಿವಿ ನೋಯದಂತೆ ದಿನವೂ ಸದ್ದು ಹದ ಮಾಡಿಡುತ್ತಿದ್ದ. ಮೂರು ತಿಂಗಳಲ್ಲಿ ಅವನು ಅವಳಿಗೆ ಇಷ್ಟವಾಗಿಬಿಟ್ಟಿದ್ದ. ಅವನ ಮಾತು ಮುಗಿಸುವುದು ಸಹಾಯವೆಂದೇ ನಂಬಿದ್ದಳು, ಪಾಪ.

ಒಂದು ಮಧ್ಯಾಹ್ನ ಮೆಟ್ಟಿಲ ಬಳಿ ಅವನೇ ತಡೆದ. "ತು... ತುಂಬಾ ದಿನದಿಂದ ಕೇಳಬೇಕು ಅಂತ..."

"ರಜೆ ತಾನೇ? ಮ್ಯಾನೇಜರ್‌ಗೆ ನಾನು ಹೇಳ್ತೀನಿ ಬಿಡಿ."

ಅವನ ಮುಖ ಸಣ್ಣದಾಯಿತು. "ಎಲ್ಲರೂ ನ... ನನ್ನ ಮಾತು ಕಿತ್ಕೋತಾರೆ. ನೀವೂನಾ?"

ಅಂದಿನಿಂದ ಅವನು ಬರೀ ತಲೆಯಾಡಿಸುತ್ತಿದ್ದ. ಹೆಡ್‌ಫೋನ್ ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಅವಳಿಗೆ ಊಟ ಸೇರಲಿಲ್ಲ. ಊರವರ ಮಾತೆಲ್ಲ ಕೇಳುವವಳು, ಇವನೊಬ್ಬನ ಮಾತು ಕೇಳಲಿಲ್ಲವಲ್ಲ...

ಹದಿನೈದನೇ ದಿನ ಅವನು ಗಾಜಿನ ಕೋಣೆಗೆ ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ವರ್ಗಾವಣೆ ಪತ್ರ.

"ನಾ... ನಾಳೆಯಿಂದ ನಾನು..."

'ಬರಲ್ಲ.' ಅದು ನಾಲಿಗೆಗೆ ಬಂದೇಬಿಟ್ಟಿತ್ತು. ಚೀಲ, ಪತ್ರ, ಬಾಡಿದ ಮುಖ... ಇನ್ನೇನಿರುತ್ತದೆ? ಅವಳು ತುಟಿ ಕಚ್ಚಿ ಹಿಡಿದಳು. ಈ ಸಲ ಅವನೇ ಹೇಳಲಿ, ನನ್ನ ಎದೆ ಒಡೆದರೂ ಸರಿ.

ಅವಳು ಕಾದಳು.

"...ಬೇರೆ ಹಾಲ್‌ಗೆ ಹೋಗ್ಬೇಕು. ಅದಕ್ಕೆ ಮುಂಚೆ ಅವತ್ತಿನ ಮಾ... ಮಾತು ಮುಗಿಸ್ಬೇಕು. ನನ್ನ... ಮ... ಮದುವೆ ಆಗ್ತೀರಾ?"

ಇದನ್ನು ಅವಳು ಊಹಿಸಿರಲೇ ಇಲ್ಲ. ಹೇಳಬೇಕಾದದ್ದು ಒಂದೇ ಮಾತು, ಅದೂ ಅರ್ಧಕ್ಕೇ ನಿಂತಿತು.

"ನಾನು... ನಾನೂ..."

ಉಳಿದದ್ದು ಅವನಿಗೆ ಗೊತ್ತಿತ್ತು. ಅವಳ ತುಂಬಿದ ಕಣ್ಣೇ ಹೇಳುತ್ತಿತ್ತು. ಆದರೂ ಅವನು ಚೀಲ ಕೆಳಗಿಟ್ಟು, ಅವಳೆದುರು ಕುರ್ಚಿ ಎಳೆದು ಕೂತ.

"ನಿ... ನಿಧಾನವಾಗಿ ಹೇಳಿ. ನಾನು ಕಾಯ್ತೀನಿ."